ಒಂದು ಬಡಿತ

ಫಿನ್ಲೆಂಡಿನ ಕಯಾನಿ. ಹಳೆಯ ಕಾಗದದ ಗಿರಣಿಯಲ್ಲಿ
ಈಗ ಮರದ ತಿರುಳಿಲ್ಲ, ಹಬೆಯಿಲ್ಲ.
ಕಪ್ಪು ಬೀರುಗಳ ಸಾಲು;
ಒಳಗೊಂದು ಗುಂಡಿಗೆ, ಯಾರದ್ದೂ ಅಲ್ಲದ್ದು,
ನಾಲ್ಕು ಸಾವಿರ ಚೂರಾಗಿ ಹಂಚಿಹೋಗಿದೆ.

ಚೂರಿಗೊಂದು ಪ್ರೊಸೆಸರ್.
ಇಡೀ ಗುಂಡಿಗೆಯನ್ನು ಕಂಡದ್ದು ಒಂದೂ ಇಲ್ಲ.
ಪಕ್ಕದ್ದನ್ನು ಮಾತ್ರ ಕೇಳುತ್ತದೆ:
ನಿನ್ನ ಅಂಚಿಗೆ ಮಿಂಚು ಬಂತೇ?
ಬಂತೆಂದರೆ ಒಂದು ಹೆಜ್ಜೆ.
ಉತ್ತರ ಒಂದು ತಡವಾದರೂ
ಪಂಕ್ತಿಯ ಕೊನೆಯ ಎಲೆಗೆ ಅನ್ನ ಬೀಳುವ ತನಕ
ಯಾರೂ ಕಲಸದ ಹಾಗೆ
ನಾಲ್ಕು ಸಾವಿರವೂ ಸುಮ್ಮನೆ ಕಾಯುತ್ತವೆ.

ಇರ್ಯಾ ಸಂಜೆ ಒಪ್ಪಿಸಿದ ಲೆಕ್ಕ.
ಬೆಳಗಿನ ಜಾವ ನಾಲ್ಕಕ್ಕೆ, ಕಾಫಿ ಆರಿ ಕೆನೆಗಟ್ಟಿದ ಮೇಲೆ,
ಪರದೆಯಲ್ಲಿ ಒಂದು ಬಡಿತ.
ಒಂದೇ.
ಅದೂ ಎಡಗೋಡೆಯ ಗಾಯದ ಹತ್ತಿರ ತುಸು ತೊದಲಿತು.
ತೊದಲಲೆಂದೇ ಅವಳು ಕಾದದ್ದು.

ಯಂತ್ರ ಉಗುಳಿದ ಬಿಸಿನೀರು ಅಷ್ಟರಲ್ಲಿ
ಹಿಮದಡಿಯ ಕೊಳವೆ ಹಿಡಿದು ಊರು ಸೇರಿತ್ತು.
ಮೂರನೇ ಮಹಡಿಯಲ್ಲಿ ವೇಯ್ಕೊ,
ಮೂವತ್ತು ವರ್ಷ ಇದೇ ಗಿರಣಿಯಲ್ಲಿ ಕಾಗದ ಸುತ್ತಿದವನು,
ಮುಚ್ಚಿದ್ದನ್ನು ಇನ್ನೂ ಕ್ಷಮಿಸದವನು,
ರೇಡಿಯೇಟರಿನ ಮೇಲೆ ಒದ್ದೆ ಕೈಗವಸು ಹರವಿ
ಅಂಗೈಯಿಟ್ಟು ನೋಡಿದ:
ಹ್ಞೂಂ, ಬೆಚ್ಚಗಿದೆ. ಪರವಾಗಿಲ್ಲ.