ಪಾದದ್ದು ಕೊಡು

ಮೆಲ್ಬರ್ನಿನ ಟ್ರಾಮು ತಿರುಗುವ ಮೂಲೆಯಲ್ಲಿ
ಎವ್ದೋಕಿಯಾಳ ಅಂಗಡಿ: ಹಾಲು, ಬ್ರೆಡ್ಡು, ಪೇಪರು,
ಬೆನ್ನ ಹಿಂದೊಂದು ಕಪಾಟು.
ಕಾನೂನು ಬಂದು ಅದಕ್ಕೆ ಬಾಗಿಲು ಹಚ್ಚಿಸಿತು,
ಪೊಟ್ಟಣದ ಬಂಗಾರದಂಚು, ಕುದುರೆ, ಕಿರೀಟ
ಎಲ್ಲ ಕೆರೆದು ಒಂದೇ ಬಣ್ಣ ಬಳಿಯಿತು.
ಅದನ್ನು ಆಲಿವ್ ಅಂದರೆ ಅವಳಿಗೆ ಸಿಟ್ಟು:
‘ಆಲಿವ್‌ಗೆ ಮರ್ಯಾದೆ ಇದೆ.
ಇದು ಕೊಚ್ಚೆ.’

ಹೆಸರು ಓದಲು ಕನ್ನಡಕ ಬೇಕು,
ಹಾಗಾಗಿ ಗಿರಾಕಿಗಳು ಚಿತ್ರ ಹೇಳಿ ಕೇಳುತ್ತಾರೆ.
ಶ್ವಾಸಕೋಶ ಬೇಡಮ್ಮ, ಹಲ್ಲಿನದು ಕೊಡು.
ಬಸುರಿ ಹುಡುಗಿಯೊಬ್ಬಳು, ತಲೆ ತಗ್ಗಿಸಿ,
ಮಗುವಿನದೊಂದು ಬಿಟ್ಟು ಯಾವುದಾದರೂ.

ಟ್ರಾಮು ಓಡಿಸಿ ನಿವೃತ್ತನಾದ ಮರ್ವಿನ್ ಡಂಕ್ಲಿಗೆ
ಕಣ್ಣಿನದು ಆಗದು.
ಚಿಮುಟದಲ್ಲಿ ಎಳೆದು ಹಿಡಿದ ರೆಪ್ಪೆ
ಜೇಬಿನೊಳಗಿಂದಲೂ ನೋಡುತ್ತದಂತೆ.
‘ಪಾದದ್ದು ಕೊಡು. ಪಾದ ದಿಟ್ಟಿಸೋದಿಲ್ಲ.’
ವರ್ಷವರ್ಷ ತೆರಿಗೆ ಏರಿತು;
ಅವನು ಮೊದಲು ಪೇಪರು ಬಿಟ್ಟ,
ಆಮೇಲೆ ಬಿಸ್ಕತ್ತು,
ಆಮೇಲೆ ಟ್ರಾಮಿನ ಟಿಕೆಟ್ಟು. ನಡೆದೇ ಬರುತ್ತಿದ್ದ.

ಜೂನಿನ ಚಳಿಗೆ ಕಾಣೆಯಾದವನು
ಏಳು ವಾರ ಬಿಟ್ಟು ಬಂದ, ಗಾಲಿಕುರ್ಚಿಯಲ್ಲಿ.
ಎಡ ಮೊಣಕಾಲ ಕೆಳಗೆ ಪ್ಯಾಂಟು ಮಡಚಿ
ಎರಡು ಪಿನ್ನು ಚುಚ್ಚಿತ್ತು.
ರೂಢಿಯ ಕೈ ತಾನೇ ಹೋಗಿ
ಪಾದದ ಮೇಲೆ ಕೂತಿತು; ಎವ್ದೋಕಿಯಾ
ಬಿಸಿ ತಗಲಿದಂತೆ ಎಳೆದುಕೊಂಡಳು.

‘ಕಣ್ಣಿನದೇ ಕೊಡು ಇವತ್ತು,’ ಅಂದ ಮರ್ವಿನ್,
‘ಪಾದ ನೋಡಿಯಾಯ್ತು.’

ಅವಳು ಮೊದಲು ಹಾಲಿನ ಡಬ್ಬಿ ಇಟ್ಟಳು,
ಅವನು ಕೇಳಿರಲೇ ಇಲ್ಲ.
ಆಮೇಲೆ ಕಪಾಟಿನ ಕಡೆ ತಿರುಗಿ
ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಹೊತ್ತು
ಬಾಗಿಲು ತೆರೆದಿಟ್ಟುಕೊಂಡೇ
ನಿಂತಿದ್ದಳು.