ಹೆಸರು ಹೊಡೆಯುವವನು

ಯಂತ್ರ ಯಾರು ಬೇಕಾದರೂ ಮಾಡಲಿ,
ಅದಕ್ಕೆ ಹೆಸರು ಹೊಡೆಯುತ್ತಿದ್ದವನು ನಾನು.
ಅಂಗೈಯಗಲ ಹಿತ್ತಾಳೆ ತಗಡು, ಮುಕ್ಕಾಲು ಸೇರಿನ ಸುತ್ತಿಗೆ,
ಪೆಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಕೂತ ಇಪ್ಪತ್ತಾರು ಉಕ್ಕಿನ ಅಕ್ಷರ.
ಒಂದೇ ಏಟು.
ಎರಡನೆಯದು ಬಿದ್ದರೆ ಅಕ್ಷರಕ್ಕೆ ನೆರಳು ಮೂಡುತ್ತದೆ,
ತಗಡು ಗುಜರಿಗೆ.

ಕಾಳಪ್ಪಾಚಾರ್ ಅಂಡ್ ಸನ್ಸ್, ಚಿಕ್ಕಮಗಳೂರು.
ಕಡೂರು ರಸ್ತೆಯಲ್ಲಿ ಶೆಡ್ಡು ಎತ್ತಿದಾಗ
ಆಚಾರರಿಗೆ ಮಕ್ಕಳೇ ಇರಲಿಲ್ಲವಂತೆ.
ಬೋರ್ಡು ಬರೆಯುವವನು ಕೇಳಿದ್ದಕ್ಕೆ
"ಬರಿ, ಹುಟ್ತಾವೆ" ಅಂದರಂತೆ.
ಹುಟ್ಟಿದರು, ಮೂವರು ಗಂಡು.
ಕೊನೆಗೆ, ಬೋರ್ಡಿನಲ್ಲಿ ಜಾಗವಿಲ್ಲದ ಒಬ್ಬಳು, ಸರ್ವಮಂಗಳ.

ಮೊದಲು ಪಲ್ಪರು:
ತಾಮ್ರದ ಉರುಳೆಯ ಮೈತುಂಬ ಮೊಗ್ಗಿನಂಥ ಗುಬಟು,
ಹಣ್ಣು ಸುರಿದರೆ ಸಿಪ್ಪೆ ಆಚೆ, ಬೀಜ ಈಚೆ.
ಆಮೇಲೆ ಪಂಪು, ತೊಳೆಯಲು ನೀರು ಬೇಕಲ್ಲ.
ಆಮೇಲೆ ತಕ್ಕಡಿ, ಒಣಗಿದ್ದನ್ನು ತೂಗಬೇಕಲ್ಲ.
ಒಂದರ ಹೊಟ್ಟೆಯಿಂದ ಇನ್ನೊಂದು.
ಹಿತ್ತಲಲ್ಲಿ ಎಲ್ಲಕ್ಕೂ ತಾಯಿ, ಎರಕದ ಮನೆ:
ಕರಿಮರಳು, ಕೋಕು, ಮುಖ ಕಾಣದ ನಾಲ್ಕು ಜನ.

ಎಂಬತ್ತೇಳರಲ್ಲಿ ಒಡೆಯಿತು.
ಪಾಲು ಅನ್ನಬೇಡಿ, ಡಿವಿಜನ್ ಅನ್ನಿ, ಅಂದರು ಹಾಸನದ ವಕೀಲರು.
ಶೆಡ್ಡಿನುದ್ದಕ್ಕೂ ಸುಣ್ಣದ ಗೆರೆ ಎಳೆಸಿದರು.
ಗೆರೆ ನೆಟ್ಟಗೆ ಹೋಗಿ ಖಲಂದರ್ ಸಾಬರ ಲೇತಿನ ಅಡಿಗೆ ನುಗ್ಗಿತು:
ತಲೆ ಪಂಪಿನವರಿಗೆ, ಬಾಲ ಪಲ್ಪರಿನವರಿಗೆ.
"ನನ್ನನ್ನು ಎಲ್ಲಿ ಕತ್ತರಿಸ್ತೀರಿ, ಸೊಂಟದಲ್ಲಾ?"
ನಕ್ಕವರು ನಾವು ಮಾತ್ರ.

ಸೈರನ್ನನ್ನು ಪಟ್ಟಿಗೆ ಬರೆಯಲು ಮರೆತಿದ್ದರು.
ಅದು ಇದ್ದದ್ದು ಎರಕದ ಮನೆಯ ಸೂರಿನ ಮೇಲೆ.
ಎರಕದ ಮನೆ ಮೂವರೂ ಬೇಡವೆಂದು ಬಿಟ್ಟದ್ದು, ಸರ್ವಮಂಗಳಮ್ಮನಿಗೆ.
ಪತ್ರದಲ್ಲಿ 'ಅರಿಶಿನ ಕುಂಕುಮಕ್ಕೆ' ಎಂದಿತ್ತು.
ಮೂರು ಹೊಸ ಗೇಟು, ಮೂರು ಹೊಸ ವಾಚ್‌ಮನ್ನು,
ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಒಳಗೆ ಹೋದದ್ದು
ಆಕೆಯ ಕೂಗಿಗೇ.

ನನಗೆ ಕೆಲಸ ಹೆಚ್ಚಿತು.
ಕೆ. ಎ. ಪಲ್ಪರ್ಸ್. ಕಾಳಪ್ಪ ಪಂಪ್ಸ್. ಆಚಾರ್ ಸ್ಕೇಲ್ಸ್.
ಅಪ್ಪನ ಹೆಸರನ್ನು ಮುರಿದು ಹಂಚಿಕೊಂಡಿದ್ದರು,
ಬಾಲಕ್ಕೆ ಮಾತ್ರ ಎಲ್ಲರಿಗೂ ಒಂದೊಂದು ಎಸ್.
ಪೆಟ್ಟಿಗೆಯಲ್ಲಿ ಆ ಅಕ್ಷರವೇ ಮೊದಲು ಸವೆದು ಬೋಳಾಯಿತು.
ಪಂಪನ್ನು ಕೊಯಮತ್ತೂರಿನವರು ಕೊಂಡರು. ತಕ್ಕಡಿಯನ್ನು ಬ್ಯಾಂಕು ಎತ್ತಿಕೊಂಡಿತು.
ಪಲ್ಪರು ಇದೆ, ಹೆಸರು ಸ್ಟಿಕ್ಕರಿನಲ್ಲಿ,
ಎರಡು ಮಳೆಗೆ ಸುಲಿಯುತ್ತದೆ.
ಯಾವುದು ಸಿಪ್ಪೆ, ಯಾವುದು ಬೀಜ?
ತಿರುಗುವ ಉರುಳೆಗೆ ಅದು ಗೊತ್ತಿರುವುದಿಲ್ಲ.

ಹೋದ ಸೋಮವಾರ ಪೆಟ್ಟಿಗೆ ಹಿಡಿದು ಎರಕದ ಮನೆಗೆ ಹೋದೆ.
ಕನ್ನಡಕ ಹಣೆಗೇರಿಸಿ ಚರಂಡಿ ಮುಚ್ಚಳ ಎಣಿಸುತ್ತಿದ್ದರು ಸರ್ವಮಂಗಳಮ್ಮ.
"ತೀರ್ಥಪ್ಪ, ನಮ್ಮಲ್ಲಿ ಹೆಸರು ಹೊಡೆಯೋದಿಲ್ಲ,
ಹೊಯ್ಯೋದು."
ಆದರೂ ಪೆಟ್ಟಿಗೆ ಇಸಿದುಕೊಂಡರು.
ಬೋಳು ಎಸ್ಸನ್ನು ಬೆಳಕಿಗೆ ಹಿಡಿದು "ಒಳ್ಳೇ ಉಕ್ಕು" ಅಂದರು.
ಕುಲುಮೆಗೆ ಹಾಕುತ್ತಾರೋ ಏನೋ, ಕೇಳಲಿಲ್ಲ.

ಹೊರಡುವಾಗ ಮುಚ್ಚಳವೊಂದರ ಮೇಲೆ ಕಾಲಿಟ್ಟೆ.
ಚಪ್ಪಲಿಯಡಿ ಉಬ್ಬಿದ ಅಕ್ಷರ, ಕನ್ನಡದ್ದು.
ಬಗ್ಗಿ ಓದಿದೆ: ನಗರಸಭೆ.
ಆಕೆಯ ಹೆಸರು ಅಲ್ಲೂ ಇರಲಿಲ್ಲ.

ಹಿಂದಿನಿಂದ ಒಂದು ಗಂಟೆಯ ಸೈರನ್,
ಇಡೀ ಕಡೂರು ರಸ್ತೆಗೆ ಕೇಳುವಷ್ಟು,
ನಾಲ್ಕು ಜನಕ್ಕೆ.