ಆಲೂಗಡ್ಡೆಯ ಸಾಲು

ಪೆರಮದಲ್ಲಿ ಹಡಗು ರಿಪೇರಿ ನಿಂತು ಇದು ಮೂರನೆಯ ಚಳಿಗಾಲ.
ಕ್ರೇನುಗಳು ಕತ್ತು ಚಾಚಿ ಹಾಗೇ ನಿಂತಿವೆ,
ಯಾರೋ ಕರೆದರೆಂದು ತಿರುಗಿ, ಯಾರನ್ನೂ ಕಾಣದೆ.
ಸರಾಂದಿಸನ ವೆಲ್ಡಿಂಗ್ ಮುಖವಾಡ ಅಡುಗೆಮನೆಯ ಮೊಳೆಯಲ್ಲಿ;
ಅದರೊಳಗೆ ನಾನು ಈರುಳ್ಳಿ ಇಡುತ್ತೇನೆ.
ಅವನು ನೋಡುತ್ತಾನೆ, ಏನೂ ಅನ್ನುವುದಿಲ್ಲ.

ಮೊದಲು ಕರೆಂಟು ಹೋಯಿತು, ಆಮೇಲೆ ಅವನ ಮಾತು.
ಅತ್ತೆಯ ಪಿಂಚಣಿಗೆ ಎರಡು ಸಲ ಕತ್ತರಿ ಬಿತ್ತು.
ಪತ್ರ ಬಂದಾಗಲೆಲ್ಲ ಕನ್ನಡಕ ಒರೆಸಿ ಇನ್ನೊಮ್ಮೆ ಓದುತ್ತಾಳೆ,
ಒಂದು ಸೊನ್ನೆ ಮಡಿಕೆಯಲ್ಲಿ ಅಡಗಿರಬಹುದೆಂದು.

ಶನಿವಾರ ಚೌಕದಲ್ಲಿ ಕಪ್ಪಂಗಿಯ ಹುಡುಗರು ಲಾರಿ ನಿಲ್ಲಿಸಿದರು.
ಬಾವುಟ ಮೊದಲು ಇಳಿಯಿತು, ಆಮೇಲೆ ಮೂಟೆ.
ಸಾಲಿನಲ್ಲಿ ನನ್ನ ಮುಂದೆ ರಾಗಿಬ್,
ಹದಿನೆಂಟು ವರ್ಷದಿಂದ ನಮ್ಮ ಕೆಳಗಿನ ಮನೆಯವನು,
ದೋಣಿಯ ಕೂಲಿ. ಬಲೆ ತುಂಬಿದ ದಿನ
ನಮ್ಮ ಬಾಗಿಲ ಹಿಡಿಕೆಗೆ ಒಂದು ಚೀಲ ಬೂತಾಯಿ ತೂಗುತ್ತಿತ್ತು.

ಗುರುತಿನ ಚೀಟಿ ಕೇಳಿದವನು ಬೇಕರಿಯ ಮೆಲೆತಿಸ್.
ಹಿಟ್ಟಿನ ಬಿಳುಪಲ್ಲದೆ ಬೇರೆ ಬಣ್ಣ ಅವನ ಮೈಮೇಲೆ ಕಂಡವಳಲ್ಲ ನಾನು.
"ಇದು ನಮ್ಮವರಿಗೆ ಮಾತ್ರ" ಅಂದ,
ಸಣ್ಣ ದನಿಯಲ್ಲಿ, ಪಾಠ ಒಪ್ಪಿಸುವವನ ಹಾಗೆ.
ರಾಗಿಬ್ ನನ್ನ ಮುಖ ನೋಡಲಿಲ್ಲ. ಅದೊಂದು ಉಪಕಾರ ಮಾಡಿದ.
ಟೋಪಿ ಸರಿಮಾಡಿಕೊಂಡು, ಹಾಲು ತರಲು ಹೊರಟವನಂತೆ
ಬೇರೆ ಬೀದಿಗೆ ತಿರುಗಿದ.
ನಾನು ಸಾಲು ಬಿಡಲಿಲ್ಲ.

ಇದನ್ನೂ ಹೇಳಿಬಿಡುತ್ತೇನೆ: ಐದು ಕಿಲೋ. ಎರಡೂ ಕೈ ಚಾಚಿ ತೆಗೆದುಕೊಂಡೆ.
ದೇವರು ಒಳ್ಳೆಯದು ಮಾಡಲಿ ಎಂದೂ ಅಂದೆ.

ಮನೆಯಲ್ಲಿ ಚೀಲ ಮಗುಚಿದರೆ ತಳದಲ್ಲಿ ಹಸಿರು ಅಕ್ಷರ:
ಬೆಳೆದದ್ದು ಈಜಿಪ್ಟಿನಲ್ಲಿ.
ರಾಗಿಬನ ಊರಿನ ಮಣ್ಣು.
ಸರಾಂದಿಸ್ ನಕ್ಕ, ಆರು ತಿಂಗಳಲ್ಲಿ ಮೊದಲ ಸಲ.
ನಗು ಕೆಮ್ಮಾಯಿತು, ಕೆಮ್ಮು ಸಿಟ್ಟಾಯಿತು:
"ಇವರಾದರೂ ಬಂದರಲ್ಲ. ಬೇರೆ ಯಾರು ಬಂದರು, ಹೇಳು?"
ಹೇಳಲು ನನ್ನ ಬಳಿ ಹೆಸರಿರಲಿಲ್ಲ.
ಇತ್ತು, ಮೀನು ವಾಸನೆಯ ಒಂದು ಹೆಸರು. ಬಾಯಿಗೆ ಬರಲಿಲ್ಲ.

ಉಂಡ ಮನೆಯ ಜಂತೆ ಎಣಿಸಬಾರದಂತೆ.
ಯಾವ ಮನೆ ಎಂದು ಅತ್ತೆಯನ್ನು ಕೇಳಿದೆ.
ಯುದ್ಧದ ಹಸಿವು ಕಂಡವಳು,
"ಸಿಪ್ಪೆ ತೆಳ್ಳಗೆ ತೆಗಿ" ಅಂದಳು, ಅಷ್ಟೆ.

ಮರುದಿನ ಶಾಲೆಯಲ್ಲಿ ಪರದೆಯ ಹಿಂದೆ
ಮತದ ಕಾಗದ ಮಡಿಸುವಾಗ ಉಗುರಿನಲ್ಲಿ ಇನ್ನೂ ಮಣ್ಣಿತ್ತು.
ಸರಾಂದಿಸ್ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಮನೆಯ ಮೆಟ್ಟಿಲು ಹತ್ತುವಾಗ
ಕೆಳಗಿನ ಬಾಗಿಲನ್ನು ನೋಡದೆ ದಾಟಿದೆವು,
ಇಬ್ಬರೂ, ಒಂದೇ ಸಲ.